ವಿಮಾನದ ವೇಗವನ್ನು ಕಾಯುವವರು ಯಾರು?

ನಕಾಶೆಯೊಂದನ್ನು ಬಿಡಿಸಿ, ಬೆಂಗಳೂರಿನಿಂದ ಗೋವೆಯ ದಾಬೋಳಿ ವಿಮಾನ ನಿಲ್ದಾಣಕ್ಕೆ ಒಂದು ನೇರ ಗೆರೆಯನ್ನೆಳೆದರೆ, ಅದು ಹೆಚ್ಚುಕಡಿಮೆ ಹಿರೇಕೆರೂರಿನ ನೆತ್ತಿಯ ಮೇಲೆಯೇ ಹಾದು, ಹಾನಗಲ್ಲಿಗೆ ತುಸು ದಕ್ಷಿಣದಲ್ಲಿ ಘಟ್ಟದ ಕಡೆಗೆ ಸಾಗುವುದು. ಹುಬ್ಬಳ್ಳಿಗೆ ಎಳೆದ ಗೆರೆಯು ಸವಣೂರು, ಶಿಗ್ಗಾಂವಿಗಳಿಗೆ ಇಪ್ಪತ್ತು ಮೂವತ್ತು ಕಿಲೋಮೀಟರಿನಷ್ಟು ಪೂರ್ವದಲ್ಲಿ ಬೀಳುವುದು. ಆದುದರಿಂದ ಈ ನಾಲ್ಕು ತಾಲೂಕುಗಳ ಹೊಲಗಳಲ್ಲಿ ನಿಂತು ತಲೆಯೆತ್ತಿ ನೋಡುವ ವಿದ್ಯಾರ್ಥಿಗೆ ವಿಮಾನವು ಅಪರೂಪದ ವಸ್ತುವಲ್ಲ. ಅದರ ಸದ್ದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಒಂದು ವಿಮಾನ ಒಂದೇ ಸಮನೆ ಗುಡುಗುತ್ತ ಹೋಗುತ್ತದೆ; ಇನ್ನೊಂದು ಅದೇ ಆಕಾಶದಲ್ಲಿ ಸದ್ದಡಗಿದಂತೆ ಜಾರಿಹೋಗುತ್ತದೆ.

ಈ ವ್ಯತ್ಯಾಸಕ್ಕೆ ಕಾರಣವನ್ನು ಸಣ್ಣದೊಂದು ಲೆಕ್ಕದಿಂದ ತಿಳಿಯಬಹುದು. ವಿಮಾನವು ೧೧ ಕಿಲೋಮೀಟರು ಎತ್ತರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಇಳಿಯುವಾಗ ಅದು ಸುಮಾರು ೩ ಡಿಗ್ರಿಗಳ ಇಳಿಜಾರನ್ನು ಹಿಡಿಯುತ್ತದೆ. ಎಂದರೆ ೧೯ ಮೀಟರು ಮುಂದೆ ಸಾಗುವಷ್ಟರಲ್ಲಿ ೧ ಮೀಟರು ಕೆಳಗಿಳಿಯುತ್ತದೆ. ಹನ್ನೊಂದನ್ನು ಹತ್ತೊಂಬತ್ತರಿಂದ ಗುಣಿಸಿದರೆ ೨೦೯ ಕಿಲೋಮೀಟರು. ಹಿರೇಕೆರೂರಿನಿಂದ ದಾಬೋಳಿಗೆ ನೇರ ದೂರ ಸುಮಾರು ೨೦೦ ಕಿಲೋಮೀಟರು. ಗಾಳಿಯಿಂದಲೂ ಸಂಚಾರ ನಿಯಂತ್ರಕರ ಆಜ್ಞೆಗಳಿಂದಲೂ ಸ್ವಲ್ಪ ಹೆಚ್ಚುಕಡಿಮೆಯಾಗಬಹುದಾದರೂ, ಅಷ್ಟು ಎತ್ತರದಿಂದ ಗೋವೆಗೆ ಹೋಗುವ ವಿಮಾನ ಇಳಿಯತೊಡಗಬೇಕಾದುದು ಇಲ್ಲಿಯೇ. ಇಳಿಯತೊಡಗಿದೊಡನೆ ಅದರ ಎಂಜಿನ್ನುಗಳು ಸದ್ದನ್ನು ತಗ್ಗಿಸುತ್ತವೆ.

ಹಾಗಾದರೆ ಎಂಜಿನ್ನುಗಳಿಗೆ ‘ತಗ್ಗಿ’ ಎಂದು ಹೇಳಿದವರು ಯಾರು? ಚಾಲಕರು ಕೈಯಿಂದ ಸನ್ನೆಗಳನ್ನು ಹಿಂದಕ್ಕೆಳೆದರೆಂದು ನಾವು ಊಹಿಸುತ್ತೇವೆ. ಇಂದಿನ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಬಹುಮಟ್ಟಿಗೆ ಅದು ಹಾಗಲ್ಲ. ಆ ಕೆಲಸವನ್ನು ಮಾಡುವುದು ಸ್ವಯಂಚಾಲಿತ ನೂಕುಬಲ ನಿಯಂತ್ರಣವೆಂಬ ಏರ್ಪಾಡು. ವಿಮಾನ ತಜ್ಞರು ಅದನ್ನು ಆಟೋ ಥ್ರಾಟಲ್ ಎಂದೂ, ಏರ್‌ಬಸ್ ವಿಮಾನಗಳಲ್ಲಿ ಆಟೋ ಥ್ರಸ್ಟ್ ಎಂದೂ ಕರೆಯುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ, ಅದನ್ನು ನಂಬುವವರು ಯಾವ ಮಾತನ್ನು ಮರೆಯಬಾರದು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಎರಡನೆಯದನ್ನು ನಮ್ಮ ಬೆಂಗಳೂರೇ ೧೯೯೦ರಲ್ಲಿ ಬಹಳ ದೊಡ್ಡ ಬೆಲೆ ತೆತ್ತು ಕಲಿಯಬೇಕಾಯಿತು.

ನಾಲ್ಕು ಬಲಗಳ ಲೆಕ್ಕ

ಹಾರುತ್ತಿರುವ ವಿಮಾನದ ಮೇಲೆ ನಾಲ್ಕು ಬಲಗಳು ವರ್ತಿಸುತ್ತವೆ. ಭೂಮಿ ಅದನ್ನು ಕೆಳಗೆಳೆಯುತ್ತದೆ. ರೆಕ್ಕೆಗಳ ಮೇಲೆ ಹರಿಯುವ ಗಾಳಿ ಮೇಲೆತ್ತುತ್ತದೆ. ಅದೇ ಗಾಳಿ ಮುಂದಿನ ಚಲನೆಯನ್ನು ತಡೆಯುತ್ತದೆ. ಎಂಜಿನ್ನು ಆ ತಡೆಯನ್ನು ಮೀರಿ ಮುಂದಕ್ಕೆ ನೂಕುತ್ತದೆ. ಸಮಮಟ್ಟದಲ್ಲಿ ಸಮವೇಗದಿಂದ ಹಾರುವಾಗ ಎತ್ತುವ ಬಲ ತೂಕಕ್ಕೂ, ನೂಕುಬಲ ಗಾಳಿಯ ತಡೆಗೂ ಸರಿಸಮವಾಗಿರುತ್ತವೆ.

ಇಳಿಯುವಾಗ ಲೆಕ್ಕ ಬದಲಾಗುತ್ತದೆ. ೩ ಡಿಗ್ರಿಗಳ ಇಳಿಜಾರಿನಲ್ಲಿ ತೂಕದ ಹತ್ತೊಂಬತ್ತರಲ್ಲಿ ಒಂದು ಪಾಲು ವಿಮಾನವನ್ನು ಮುಂದಕ್ಕೆ ಸೆಳೆಯುತ್ತದೆ. ೬೦ ಟನ್ನು ತೂಗುವ ವಿಮಾನಕ್ಕೆ ಇದು ೩ ಟನ್ನಿಗೂ ಸ್ವಲ್ಪ ಹೆಚ್ಚು. ಚಕ್ರಗಳನ್ನು ಮಡಿಸಿಕೊಂಡು ನುಣ್ಣಗೆ ಹಾರುವ ವಿಮಾನಕ್ಕೆ ಗಾಳಿಯ ತಡೆಯೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಭೂಮಿಯ ಸೆಳೆತವೇ ಎಂಜಿನ್ನಿನ ಕೆಲಸವನ್ನು ಮಾಡಿಬಿಡುತ್ತದೆ. ಹಿರೇಕೆರೂರಿನ ಮೇಲೆ ಎಂಜಿನ್ನು ಸದ್ದಡಗಿಸಿದ್ದು ಈ ಕಾರಣದಿಂದ.

ಆದರೆ ನೆಲ ಹತ್ತಿರವಾದಂತೆ ಚಕ್ರಗಳು ಹೊರಬರುತ್ತವೆ, ರೆಕ್ಕೆಗಳ ಹಿಂಬದಿಯ ಫಲಕಗಳು ಕೆಳಕ್ಕೆ ಚಾಚಿಕೊಳ್ಳುತ್ತವೆ. ಗಾಳಿಯ ತಡೆ ಥಟ್ಟನೆ ಹೆಚ್ಚಿ, ತೂಕದ ಒಂಬತ್ತರಲ್ಲಿ ಒಂದು ಪಾಲಾಯಿತೆಂದು ಇಟ್ಟುಕೊಳ್ಳೋಣ. ಅದು ೬.೬ ಟನ್ನು. ಭೂಮಿಯ ಸೆಳೆತದಿಂದ ದೊರೆಯುವುದು ೩.೧ ಟನ್ನು ಮಾತ್ರ. ಉಳಿದ ೩.೫ ಟನ್ನನ್ನು ಎಂಜಿನ್ನೇ ಒದಗಿಸಬೇಕು. ಒದಗಿಸದಿದ್ದರೆ ಏನಾಗುವುದು? ನ್ಯೂಟನ್ನನ ನಿಯಮವನ್ನು ಅನ್ವಯಿಸಿದರೆ, ಅದೇ ಇಳಿಜಾರನ್ನು ಬಿಡದೆ ಹಿಡಿದಿರುವ ವಿಮಾನವು ಪ್ರತಿಯೊಂದು ಸೆಕೆಂಡಿಗೂ ಸುಮಾರು ೧ ನಾಟ್, ಎಂದರೆ ಗಂಟೆಗೆ ಎರಡು ಕಿಲೋಮೀಟರಿನಷ್ಟು, ವೇಗವನ್ನು ಕಳೆದುಕೊಳ್ಳುತ್ತದೆ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಅದರ ಕೆಲಸ ಮುಂದೆ ಇದೆ.

ಗಿರಣಿಯ ಗವರ್ನರ್

ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿಗಳನ್ನು ಆಯಿಲ್ ಎಂಜಿನ್ನುಗಳೇ ನಡೆಸುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಬಾವಿಯಿಂದ ನೀರೆತ್ತಲು ಅಂಥ ಎಂಜಿನ್ನನ್ನು ಇಂದಿಗೂ ಬಳಸುವುದುಂಟು. ಗಿರಣಿಯ ಬಾಯಿಗೆ ಜೋಳ ಸುರಿದೊಡನೆ ಕಲ್ಲಿನ ಮೇಲೆ ಭಾರ ಬೀಳುತ್ತದೆ. ಎಂಜಿನ್ನು ಒಂದು ಕ್ಷಣ ನಿಧಾನಿಸಿದಂತಾಗಿ ಮತ್ತೆ ಮೊದಲಿನ ವೇಗಕ್ಕೆ ಬರುತ್ತದೆ. ಯಾರೂ ಅದನ್ನು ಮುಟ್ಟಿರುವುದಿಲ್ಲ. ಒಳಗೆ ಗವರ್ನರ್ ಎಂಬ ಸಣ್ಣ ಸಾಧನವೊಂದಿದೆ. ಅದರಲ್ಲಿ ತಿರುಗುವ ಎರಡು ತೂಕದ ಗುಂಡುಗಳಿವೆ. ಎಂಜಿನ್ನಿನ ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಸಿಡಿದು, ಒಂದು ಸನ್ನೆಯ ಮೂಲಕ ಎಣ್ಣೆಯನ್ನು ಕಡಿಮೆ ಮಾಡುತ್ತವೆ. ವೇಗ ತಗ್ಗಿದರೆ ಒಳಕ್ಕೆ ಸರಿದು ಎಣ್ಣೆಯನ್ನು ಹೆಚ್ಚಿಸುತ್ತವೆ. ಇದೇ ಬಗೆಯ ಸಾಧನವನ್ನು ಜೇಮ್ಸ್ ವಾಟ್ ೧೭೮೮ರಲ್ಲಿಯೇ ತನ್ನ ಉಗಿಯಂತ್ರಕ್ಕೆ ಅಳವಡಿಸಿದ್ದನು.

ಫಲವನ್ನು ಅಳೆದು ನೋಡಿ, ಆ ಅಳತೆಯಿಂದ ಕಾರಣವನ್ನು ತಿದ್ದುವುದು ಈ ಸಾಧನದ ಗುಟ್ಟು. ಎಂಜಿನಿಯರುಗಳು ಇದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ವಿಮಾನದ ಆಟೋ ಥ್ರಾಟಲ್ ಈ ಗಿರಣಿಯ ಗವರ್ನರಿನ ವಂಶದ್ದೇ. ಅಮೆರಿಕದ ಸೇಫ್ ಫ್ಲೈಟ್ ಸಂಸ್ಥೆಯು ೧೯೫೬ರಲ್ಲಿ ಡಿಸಿ-೩ ವಿಮಾನಕ್ಕೆ ಇಂಥ ಸಾಧನವನ್ನು ಕೂಡಿಸಿ ಮಾರಾಟಕ್ಕೆ ತಂದಿತು.

ವಿಮಾನದಲ್ಲಿ ಗುಂಡುಗಳ ಬದಲು ಕಂಪ್ಯೂಟರು ಇದೆ. ಮೂತಿಯ ಬಳಿ ಮುಂದಕ್ಕೆ ಬಾಯಿತೆರೆದಿರುವ ಪಿಟೋ ನಳಿಗೆಯೊಳಗೆ ನುಗ್ಗುವ ಗಾಳಿಯ ಒತ್ತಡದಿಂದ ವಿಮಾನದ ವೇಗ ತಿಳಿಯುತ್ತದೆ. ಚಾಲಕರು ತಿರುಗುಗುಂಡಿಯಿಂದ ಬೇಕಾದ ವೇಗವನ್ನು ಗೊತ್ತುಮಾಡಿರುತ್ತಾರೆ. ಈ ಎರಡರ ಅಂತರವನ್ನು ಕಂಪ್ಯೂಟರು ಸೆಕೆಂಡಿಗೆ ಹಲವು ಸಲ ಲೆಕ್ಕಹಾಕಿ, ನೂಕುಬಲವನ್ನು ಎಷ್ಟು ಏರಿಸಬೇಕು ಅಥವಾ ಇಳಿಸಬೇಕು ಎಂಬುದನ್ನು ನಿರ್ಧರಿಸುತ್ತದೆ.

ಇಲ್ಲೊಂದು ತೊಡಕುಂಟು. ಜೆಟ್ ಎಂಜಿನ್ನಿನ ಚಕ್ರಗಳು ಭಾರವಾದವು. ಆಜ್ಞೆ ಬಂದ ಕೂಡಲೇ ಅವು ವೇಗಗೊಳ್ಳಲಾರವು. ಕಂಪ್ಯೂಟರು ಕೇವಲ ಅಂತರವನ್ನು ನೋಡಿ ಆಜ್ಞೆ ಕೊಟ್ಟರೆ, ನೂಕುಬಲ ಏರುವಷ್ಟರಲ್ಲಿ ವೇಗ ಮಿತಿಮೀರುವುದು. ಇಳಿಸುವಷ್ಟರಲ್ಲಿ ತೀರ ತಗ್ಗುವುದು. ವಿಮಾನವು ಒಮ್ಮೆ ಮೊರೆದು ಒಮ್ಮೆ ಸುಮ್ಮನಾಗುತ್ತ ತೂಗಾಡುವುದು. ಇಂತಹ ತೂಗಾಟ ಏಕೆ ಹುಟ್ಟುತ್ತದೆ, ಯಾವಾಗ ತಾನಾಗಿ ಅಡಗುತ್ತದೆ ಎಂಬುದನ್ನು ಗಣಿತದಿಂದ ವಿವರಿಸಿದವನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಗವರ್ನರುಗಳನ್ನು ಕುರಿತ ಅವನ ಪ್ರಬಂಧ ಪ್ರಕಟವಾದದ್ದು ೧೮೬೮ರಲ್ಲಿ. ಪರಿಹಾರವೂ ಸರಳವಾಗಿಯೇ ಇದೆ. ಎಷ್ಟು ಅಂತರವಿದೆ ಎಂಬುದರ ಜೊತೆಗೆ, ಆ ಅಂತರ ಎಷ್ಟು ಬೇಗ ಕುಗ್ಗುತ್ತಿದೆ ಎಂಬುದನ್ನೂ ಗಮನಿಸಬೇಕು. ಅನುಭವಿಯಾದ ಬಸ್ ಚಾಲಕನು ನಿಲ್ದಾಣ ಬರುವ ಮೊದಲೇ ಕಾಲನ್ನು ಸಡಿಲಿಸುವಂತೆ, ಕಂಪ್ಯೂಟರು ಗುರಿ ಮುಟ್ಟುವ ಮೊದಲೇ ಆಜ್ಞೆಯನ್ನು ಸಡಿಲಿಸುತ್ತದೆ.

ಆಜ್ಞೆ ನೇರವಾಗಿ ಇಂಧನದ ಕೊಳವೆಗೆ ಹೋಗುವುದಿಲ್ಲ. ಎಂಜಿನ್ನಿಗೇ ಮೀಸಲಾದ ಇನ್ನೊಂದು ಕಂಪ್ಯೂಟರು ಅದನ್ನು ಸ್ವೀಕರಿಸಿ, ಶಾಖವಾಗಲಿ ತಿರುಗುವ ವೇಗವಾಗಲಿ ಮಿತಿಮೀರದಂತೆ ಇಂಧನವನ್ನು ಅಳೆದು ಬಿಡುತ್ತದೆ. ಅದರೊಳಗೆ ಒಂದೇ ಕೆಲಸವನ್ನು ಬಲ್ಲ ಎರಡು ಭಾಗಗಳಿವೆ. ಒಂದು ಕೆಟ್ಟರೆ ಇನ್ನೊಂದು ಮುಂದುವರಿಸುತ್ತದೆ.

ಎರಡು ಬಗೆಯ ಕಾವಲು

ಇಲ್ಲಿಯವರೆಗೆ ಹೇಳಿದುದನ್ನು ಓದಿದವರು, ಆಟೋ ಥ್ರಾಟಲ್ ಯಾವಾಗಲೂ ವೇಗವನ್ನು ಕಾಯುತ್ತದೆಂದು ತಿಳಿಯುವುದು ಸಹಜ. ಆದರೆ ನಿಜವು ಹಾಗಿಲ್ಲ. ಈ ವಿಷಯದ ಹೃದಯ ಇರುವುದು ಇಲ್ಲಿಯೇ.

ವಿಮಾನದ ವೇಗವನ್ನು ಎರಡು ರೀತಿಯಲ್ಲಿ ಹಿಡಿದಿಡಬಹುದು. ಮೊದಲನೆಯದು, ಹಾದಿಯನ್ನು ಬದಲಿಸದೆ ನೂಕುಬಲವನ್ನು ಏರಿಳಿಸುವುದು. ಎರಡನೆಯದು, ನೂಕುಬಲವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿ, ವಿಮಾನದ ಮೂತಿಯನ್ನು ಏರಿಳಿಸುವುದು. ಸೈಕಲ್ಲನ್ನು ತುಳಿಯದೆ ಇಳಿಜಾರಿನಲ್ಲಿ ಬಿಟ್ಟವನ ವೇಗವನ್ನು ಇಳಿಜಾರಿನ ಕಡಿದೇ ನಿರ್ಧರಿಸುವುದಷ್ಟೇ? ಹಾಗೆಯೇ ಮೂತಿಯನ್ನು ತಗ್ಗಿಸಿದರೆ ವಿಮಾನದ ವೇಗ ಹೆಚ್ಚುತ್ತದೆ, ಎತ್ತಿದರೆ ಕಡಿಮೆಯಾಗುತ್ತದೆ.

ಎತ್ತರದಲ್ಲಿ ಸಮಮಟ್ಟದ ಪ್ರಯಾಣದಲ್ಲಿಯೂ, ಓಡುದಾರಿಗೆ ಇಳಿಯುವ ಕೊನೆಯ ಹಂತದಲ್ಲಿಯೂ ಮೊದಲನೆಯ ರೀತಿ ನಡೆಯುತ್ತದೆ. ಆಗ ಆಟೋ ಥ್ರಾಟಲ್ ನಿಜವಾಗಿಯೂ ವೇಗದ ಕಾವಲುಗಾರ. ಮೇಲೇರುವಾಗ ಎರಡನೆಯದು, ಎಂಜಿನ್ನು ಏರುವ ಶಕ್ತಿಯಲ್ಲಿ ಸ್ಥಿರವಾಗಿರುತ್ತದೆ. ಎತ್ತರದಿಂದ ಇಳಿಯತೊಡಗುವಾಗಲೂ ಅನೇಕ ಸಲ ಎರಡನೆಯದೇ. ಎಂಜಿನ್ನು ಕನಿಷ್ಠ ಶಕ್ತಿಯಲ್ಲಿ ನಿಲ್ಲುತ್ತದೆ. ಈ ಎರಡೂ ಸಂದರ್ಭಗಳಲ್ಲಿ ವೇಗದ ಹೊಣೆ ಮೂತಿಯನ್ನು ಹಿಡಿದವರದು: ಸ್ವಯಂಚಾಲಕ ಯಂತ್ರ ಕೆಲಸ ಮಾಡುತ್ತಿದ್ದರೆ ಅದರದು, ಇಲ್ಲವಾದರೆ ಚಾಲಕರದು. ಆಟೋ ಥ್ರಾಟಲ್ ಆಗ ತನಗೆ ಹೇಳಿದ ನೂಕುಬಲವನ್ನು ಮಾತ್ರ ಕಾಯುತ್ತದೆ. ವೇಗವು ಕುಸಿದರೂ ಅದು ತನ್ನ ಕೆಲಸವಲ್ಲವೆಂಬಂತೆ ಇರುತ್ತದೆ.

ಸದ್ಯಕ್ಕೆ ಯಾವ ರೀತಿ ನಡೆಯುತ್ತಿದೆಯೆಂಬುದನ್ನು ಚಾಲಕರ ಮುಂದಿನ ಪರದೆಯ ಮೇಲ್ಸಾಲಿನಲ್ಲಿ ಒಂದೆರಡು ಪದಗಳು ಸೂಚಿಸುತ್ತವೆ. ಆ ಪದಗಳನ್ನು ಓದುವುದು ಚಾಲಕರ ಕರ್ತವ್ಯಗಳಲ್ಲೊಂದು.

ಬೆಂಗಳೂರಿನ ಪಾಠ

ಏರ್‌ಬಸ್ ಎ-೩೨೦ ಮೊದಲು ಹಾರಿದ್ದು ೧೯೮೭ರಲ್ಲಿ. ಪ್ರಯಾಣಿಕರ ಸೇವೆಗೆ ಬಂದದ್ದು ೧೯೮೮ರಲ್ಲಿ. ನಮ್ಮ ದೇಶದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯು ಅದನ್ನು ೧೯೮೯ರಲ್ಲಿ ತರಿಸಿಕೊಂಡಿತು. ೧೯೯೦ರ ಫೆಬ್ರವರಿ ೧೪ರಂದು ಇಂತಹ ಒಂದು ವಿಮಾನ, ೬೦೫ನೆಯ ಸಂಖ್ಯೆಯ ಸೇವೆಯಾಗಿ, ಮುಂಬಯಿಯಿಂದ ೧೪೬ ಜನರನ್ನು ಹೊತ್ತು ಬೆಂಗಳೂರಿಗೆ ಬಂದಿತು. ಮಧ್ಯಾಹ್ನ ಒಂದು ಗಂಟೆಯ ಸಮಯ, ಆಕಾಶ ತಿಳಿಯಾಗಿತ್ತು. ಅಂದು ಬೆಂಗಳೂರಿನ ನಿಲ್ದಾಣವಾಗಿದ್ದುದು ಎಚ್.ಎ.ಎಲ್. ವಿಮಾನ ನಿಲ್ದಾಣ. ಓಡುದಾರಿ ಕಣ್ಣಿಗೆ ಕಾಣುತ್ತಿತ್ತು, ಎಂಜಿನ್ನುಗಳಲ್ಲಿ ದೋಷವಿರಲಿಲ್ಲ. ಆದರೂ ವಿಮಾನ ಓಡುದಾರಿಗೆ ಸುಮಾರು ೨,೩೦೦ ಅಡಿ ಈಚೆಗೆ, ಗಾಲ್ಫ್ ಮೈದಾನದಲ್ಲಿ ನೆಲ ಮುಟ್ಟಿ, ಮುಂದಿನ ದಿಬ್ಬಕ್ಕೆ ಬಡಿದು ಉರಿಯಿತು. ೯೨ ಜನ ಪ್ರಾಣ ಕಳೆದುಕೊಂಡರು. ೫೪ ಜನ ಉಳಿದರು.

ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಧ್ವನಿಮುದ್ರಣ ಮತ್ತು ಹಾರಾಟದ ದಾಖಲೆಗಳಿಂದ ಹೊರಬಂದ ಸಂಗತಿಯನ್ನು, ಮೇಲೆ ವಿವರಿಸಿದ ಎರಡು ಕಾವಲುಗಳ ಬೆಳಕಿನಲ್ಲಿ ನೋಡಿದರೆ ಸುಲಭವಾಗಿ ತಿಳಿಯುವುದು.

ಓಡುದಾರಿಗೆ ಇಳಿಯುವ ಕೊನೆಯ ಹಂತದಲ್ಲಿ ನೂಕುಬಲವು ವೇಗವನ್ನು ಕಾಯಬೇಕಾಗಿತ್ತು. ಅದರ ಬದಲು ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿಯೇ ಇದ್ದವು. ನಿಮಿಷಕ್ಕೆ ೭೦೦ ಅಡಿಗಳಂತೆ ಇಳಿಯುವ ಆಜ್ಞೆಯನ್ನು ಕೊಡಬೇಕೆಂದು ಹೊರಟ ಕೈ, ಪಕ್ಕದಲ್ಲಿಯೇ ಇದ್ದ ಎತ್ತರದ ತಿರುಗುಗುಂಡಿಯನ್ನು ತಪ್ಪಿ ತಿರುಗಿಸಿ, ‘೭೦೦ ಅಡಿ ಎತ್ತರಕ್ಕೆ ಇಳಿ’ ಎಂಬ ಆಜ್ಞೆಯನ್ನು ಕೊಟ್ಟಿರಬೇಕು. ಇದು ನೆಲ ಮುಟ್ಟುವುದಕ್ಕೆ ಸುಮಾರು ೩೫ ಸೆಕೆಂಡು ಮೊದಲು ಆಗಿರಬೇಕು ಎಂಬುದು ವಿಚಾರಣೆಯು ಕಂಡ ಅತ್ಯಂತ ಸಂಭವನೀಯ ವಿವರಣೆ. ಎತ್ತರವನ್ನು ಸಮುದ್ರಮಟ್ಟದಿಂದ ಅಳೆಯುವುದು ವಾಡಿಕೆ. ಆ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು ೨,೯೦೦ ಅಡಿ ಮೇಲಿದೆ. ಹೀಗಾಗಿ ಯಂತ್ರಕ್ಕೆ ದೊರೆತ ಗುರಿ ಬೆಂಗಳೂರಿನ ನೆಲದೊಳಗೆ ಎರಡು ಸಾವಿರ ಅಡಿಗೂ ಕೆಳಗಿತ್ತು! ಯಂತ್ರಕ್ಕೆ ಅದು ಅಸಂಗತವೆಂದು ತೋರಲಿಲ್ಲ. ಕೆಳಗಿಳಿಯುವ ಆಜ್ಞೆ ಬಂದಿತು. ಕೆಳಗಿಳಿಯಲು ಎಂಜಿನ್ನು ಬೇಕಿಲ್ಲ. ಆದುದರಿಂದ ಅದು ಎಂಜಿನ್ನನ್ನು ಕನಿಷ್ಠ ಶಕ್ತಿಯಲ್ಲಿಟ್ಟು ಸುಮ್ಮನಾಯಿತು.

ಈ ಸ್ಥಿತಿಯಲ್ಲಿ ವೇಗವನ್ನು ಕಾಯುವುದು ಮೂತಿಯ ಕೆಲಸ. ಆದರೆ ವಿಮಾನವನ್ನು ಕೈಯಿಂದ ನಡೆಸುತ್ತಿದ್ದ ಚಾಲಕರು, ಕಣ್ಣೆದುರಿನ ಓಡುದಾರಿಯನ್ನು ತಲುಪಲು ಮೂತಿಯನ್ನು ಎತ್ತುತ್ತ ಬಂದರು. ಮೂತಿ ಹಾದಿಯನ್ನು ಕಾಯುತ್ತಿತ್ತು. ನೂಕುಬಲ ಕನಿಷ್ಠ ಶಕ್ತಿಯನ್ನು ಕಾಯುತ್ತಿತ್ತು. ವೇಗವನ್ನು ಕಾಯುವವರು ಯಾರೂ ಇರಲಿಲ್ಲ. ೧೩೨ ನಾಟ್ ಇರಬೇಕಾಗಿದ್ದ ವೇಗ ೧೦೬ ನಾಟ್‌ಗಳಿಗೆ ಇಳಿಯಿತು. ಸೆಕೆಂಡಿಗೆ ಒಂದು ನಾಟ್ ಎಂಬ ನಮ್ಮ ಒರಟು ಲೆಕ್ಕವನ್ನು ನೆನೆದರೆ, ಇಪ್ಪತ್ತಾರು ನಾಟ್ ಕರಗಲು ಅರ್ಧ ನಿಮಿಷವೂ ಬೇಡವೆಂಬುದು ಸ್ಪಷ್ಟವಾಗುವುದು. ರೆಕ್ಕೆಯ ಎತ್ತುಬಲ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಗಾಳಿಗೆ ರೆಕ್ಕೆಯ ಓರೆ ಬದಲಾಗದಿದ್ದಲ್ಲಿ, ಅಷ್ಟು ವೇಗ ತಗ್ಗಿದಾಗ ಎತ್ತುಬಲ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆಯಾಗುವುದು.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲವೇ? ಇತ್ತು. ಎ-೩೨೦ರಲ್ಲಿ ಚಾಲಕರಿಗೆ ದಾರಿ ತೋರುವ ಫ್ಲೈಟ್ ಡೈರೆಕ್ಟರ್ ಎಂಬ ಸೂಚಕಗಳು ಎರಡಿವೆ, ಪ್ರತಿಯೊಬ್ಬರಿಗೂ ಒಂದೊಂದು. ಎರಡನ್ನೂ ಆರಿಸಿದರೆ ಆಟೋ ಥ್ರಸ್ಟ್ ತಾನಾಗಿಯೇ ವೇಗವನ್ನು ಕಾಯುವ ರೀತಿಗೆ ಮರಳುತ್ತದೆ. ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿವೆಯೆಂಬುದನ್ನು ಚಾಲಕರು ಗುರುತಿಸಿದರು. ಆ ಮಾತು ಅವರ ನಡುವೆ ನಡೆಯಿತು. ಒಂದು ಸೂಚಕ ಆರಿತು. ಇನ್ನೊಂದು ಉರಿಯುತ್ತಲೇ ಇತ್ತು. ಅಷ್ಟರಿಂದಲೇ ಯಂತ್ರವು ತನ್ನ ಹಳೆಯ ಆಜ್ಞೆಯನ್ನು ಬಿಡಲಿಲ್ಲ. ಇನ್ನೂ ಸರಳವಾದ ಉಪಾಯವೆಂದರೆ ಸನ್ನೆಗಳನ್ನು ಕೈಯಿಂದ ಮುಂದಕ್ಕೆ ತಳ್ಳುವುದು. ನೆಲದಿಂದ ನಾನೂರು, ಮುನ್ನೂರು, ಇನ್ನೂರು ಅಡಿಗಳೆಂದು ಯಂತ್ರದ ಧ್ವನಿ ಸಾರುತ್ತಿದ್ದರೂ ಅದು ಸಕಾಲದಲ್ಲಿ ನಡೆಯಲಿಲ್ಲವೆಂಬುದೇ ಅಪಘಾತದ ಸಂಭವನೀಯ ಕಾರಣವೆಂದು ವಿಚಾರಣೆಯು ತೀರ್ಮಾನಿಸಿತು. ಕೊನೆಯ ಗಳಿಗೆಯಲ್ಲಿ ಪೂರ್ಣಶಕ್ತಿಯ ಆಜ್ಞೆಯೇನೋ ಹೋಯಿತು. ಆದರೆ ಕನಿಷ್ಠ ಶಕ್ತಿಯಲ್ಲಿರುವ ಜೆಟ್ ಎಂಜಿನ್ನು ಪೂರ್ಣಶಕ್ತಿಗೆ ಏರಲು ಐದರಿಂದ ಎಂಟು ಸೆಕೆಂಡು ಬೇಕು. ಅಷ್ಟು ಸಮಯ ಉಳಿದಿರಲಿಲ್ಲ.

ಕೈಗೆ ತಿಳಿಯುವುದು, ಕಣ್ಣಿಗೆ ತಿಳಿಯುವುದು

ಈ ಅಪಘಾತದ ತರುವಾಯ ಸರಕಾರವು ಇಂಡಿಯನ್ ಏರ್‌ಲೈನ್ಸಿನ ಎ-೩೨೦ ವಿಮಾನಗಳ ಹಾರಾಟವನ್ನು ಕೆಲವು ತಿಂಗಳು ನಿಲ್ಲಿಸಿತು. ಸನ್ನೆಗಳ ಬಗೆಗೂ ಚರ್ಚೆ ನಡೆಯಿತು. ಬೋಯಿಂಗ್ ವಿಮಾನಗಳಲ್ಲಿ ಆಟೋ ಥ್ರಾಟಲ್ ನೂಕುಬಲವನ್ನು ಬದಲಿಸಿದಾಗ ಸಣ್ಣ ಮೋಟಾರುಗಳು ಸನ್ನೆಗಳನ್ನೂ ಸರಿಸುತ್ತವೆ. ಕೈಯಿಟ್ಟಿರುವ ಚಾಲಕರಿಗೆ ಅದು ತಿಳಿಯುತ್ತದೆ. ಎ-೩೨೦ರಲ್ಲಿ ಸನ್ನೆಗಳು ತಮ್ಮ ಕಚ್ಚಿನಲ್ಲಿ ಕದಲದೆ ನಿಂತಿರುತ್ತವೆ. ಎಂಜಿನ್ನಿನ ಸ್ಥಿತಿಯನ್ನು ಕಣ್ಣಿನಿಂದ ಪರದೆಯಲ್ಲಿ ನೋಡಿಯೇ ತಿಳಿಯಬೇಕು.

ಸರಿಯುವ ಸನ್ನೆಗಳಿದ್ದರೆ ಇಂತಹ ಅನಾಹುತ ಸಂಭವಿಸದೆಂದು ಹೇಳುವಂತಿಲ್ಲ. ೨೦೦೯ರ ಫೆಬ್ರವರಿ ೨೫ರಂದು ಆಮ್‌ಸ್ಟರ್‌ಡಾಮಿನ ಬಳಿ ಟರ್ಕಿಶ್ ಏರ್‌ಲೈನ್ಸಿನ ಬೋಯಿಂಗ್ ೭೩೭ ಒಂದರ ಎತ್ತರಮಾಪಕ ಕೆಟ್ಟು, ವಿಮಾನ ನೆಲದ ಮೇಲಿದೆಯೆಂದು ಸುಳ್ಳು ಹೇಳಿತು. ಆಟೋ ಥ್ರಾಟಲ್ ಅದನ್ನು ನಂಬಿ ಸನ್ನೆಗಳನ್ನು ಹಿಂದಕ್ಕೆಳೆಯಿತು; ಒಂಬತ್ತು ಜನ ಮಡಿದರು. ೨೦೧೩ರ ಜುಲೈ ೬ರಂದು ಸಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ ಸಂಸ್ಥೆಯ ಬೋಯಿಂಗ್ ೭೭೭ ಇಳಿಯುವಾಗ, ಆಟೋ ಥ್ರಾಟಲ್ ವೇಗವನ್ನು ಕಾಯುತ್ತಿದೆಯೆಂದು ಚಾಲಕರು ಭಾವಿಸಿದ್ದರು, ಅದು ಕಾಯುತ್ತಿರಲಿಲ್ಲ. ಮೂವರು ಮಡಿದರು. ಊರು ಬೇರೆ, ಯಂತ್ರ ಬೇರೆ; ಆದರೆ ಎರಡು ಕಡೆಯೂ ಬೆಂಗಳೂರಿನ ಪ್ರಶ್ನೆಯೇ ಉತ್ತರವಿಲ್ಲದೆ ಉಳಿದಿತ್ತು.

ಈ ಪಾಠಗಳು ವ್ಯರ್ಥವಾಗಿಲ್ಲ. ಇಂದಿನ ಎ-೩೨೦ರಲ್ಲಿ ವೇಗವು ಅಪಾಯದ ಅಂಚಿಗೆ ಬಂದರೆ ‘ಸ್ಪೀಡ್, ಸ್ಪೀಡ್, ಸ್ಪೀಡ್’ ಎಂದು ಎಚ್ಚರಿಸುವ ಧ್ವನಿಯಿದೆ. ಓಡುದಾರಿಗೆ ಇಳಿಯುವ ವಿಮಾನ ನೆಲದಿಂದ ೧,೦೦೦ ಅಡಿ, ತಿಳಿಯಾದ ಹವೆಯಲ್ಲಿ ೫೦೦ ಅಡಿ, ಎತ್ತರಕ್ಕೆ ಬರುವಷ್ಟರಲ್ಲಿ ಅದರ ಹಾದಿ, ವೇಗ, ನೂಕುಬಲ ಇವೆಲ್ಲವೂ ಸ್ಥಿರವಾಗಿರಬೇಕು. ಒಂದಾದರೂ ಸರಿಯಿಲ್ಲದಿದ್ದರೆ ಇಳಿಯುವ ಪ್ರಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂಬುದು ವಿಮಾನ ಸಂಸ್ಥೆಗಳು ಇಂದು ಪಾಲಿಸುವ ನಿಯಮ. ಇಳಿಯಬೇಕಾದ ವಿಮಾನ ಕೆಲವೊಮ್ಮೆ ಓಡುದಾರಿಯ ಸಮೀಪಕ್ಕೆ ಬಂದು, ಇದ್ದಕ್ಕಿದ್ದಂತೆ ಗರ್ಜಿಸಿ ಮೇಲೇರುವುದುಂಟು. ಪ್ರಯಾಣಿಕರು ಗಾಬರಿಯಾಗಬೇಕಾದ ಕಾರಣವಿಲ್ಲ. ಆ ಗರ್ಜನೆ ನಿಯಮವು ಕೆಲಸ ಮಾಡಿದುದರ ಗುರುತು.

ಸ್ವಯಂಚಾಲಿತ ಯಂತ್ರವು ಆಯಾಸವರಿಯದು; ಹೇಳಿದುದನ್ನು ಮರೆಯದು; ಮನುಷ್ಯನಿಗಿಂತ ನಯವಾಗಿ ನೂಕುಬಲವನ್ನು ತೂಗಿಸಬಲ್ಲದು. ಅದನ್ನು ದೂರಮಾಡಿ ಹಿಂದಿನ ಕಾಲಕ್ಕೆ ಮರಳಬೇಕೆಂದು ಯಾವ ವಿಮಾನ ತಜ್ಞರೂ ಹೇಳುವುದಿಲ್ಲ. ಆದರೆ ಗಿರಣಿಯ ಗವರ್ನರಿಗೆ ಗೊತ್ತಿದ್ದ ಕೆಲಸ ಒಂದೇ. ಅದನ್ನು ಯಾರೂ ತಪ್ಪಾಗಿ ತಿಳಿಯುವಂತಿರಲಿಲ್ಲ. ವಿಮಾನದ ಗವರ್ನರಿಗೆ ಹಲವು ಕೆಲಸಗಳು ಗೊತ್ತಿವೆ. ಆ ಗಳಿಗೆಯಲ್ಲಿ ಅದು ಯಾವುದನ್ನು ಮಾಡುತ್ತಿದೆಯೆಂದು ತಿಳಿಯುವ ಹೊಣೆ ಮನುಷ್ಯನಿಗೆ ಸೇರಿದೆ. ಇಂದು ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರಲ್ಲಿ ಕೆಲವರು ನಾಳೆ ಇಂತಹ ಯಂತ್ರಗಳನ್ನು ನಡೆಸುವರು, ಕೆಲವರು ರಚಿಸುವರು. ವಿಮಾನವೇ ಆಗಲಿ, ವಿದ್ಯುದಾಗಾರವೇ ಆಗಲಿ, ಆಸ್ಪತ್ರೆಯ ಉಪಕರಣವೇ ಆಗಲಿ, ಯಂತ್ರದ ಮುಂದೆ ಕುಳಿತಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಅವರಿಗೆ ಇರಲಿ: ಇದು ಈಗ ಏನನ್ನು ಕಾಯುತ್ತಿದೆ? ಇದು ಕಾಯದೆ ಬಿಟ್ಟಿರುವುದನ್ನು ಕಾಯುತ್ತಿರುವವರು ಯಾರು?